ಶಾಂತಲಾ: ಕಾದಂಬರಿಯಿಂದ ತೊಟ್ಟಿಲಿಗೆ ಬಂದ ಹೆಸರು

ಕೆಲವು ತಿಂಗಳ ಹಿಂದೆ ಡೊಂಬಿವಲಿಯಲ್ಲಿ ನಮ್ಮ ಪರಿಚಯದ ಕುಟುಂಬವೊಂದರಲ್ಲಿ ಹೆಣ್ಣುಮಗುವಿನ ನಾಮಕರಣವಿತ್ತು. ಕೂಸಿನ ತಂದೆಯ ಮನೆತನ ಕುಂದಾಪುರದ ಕಡೆಯದು. ಅವರ ಅಜ್ಜ ಫೋರ್ಟಿನ ಹೋಟೆಲೊಂದರಲ್ಲಿ ದುಡಿಯಲು ಬಂದು ಈ ಊರಿನಲ್ಲೇ ನೆಲೆ ನಿಂತವರು. ತಾಯಿಯ ತವರು ತುಮಕೂರಿನ ಹತ್ತಿರ. ಬಾಣಂತನಕ್ಕೆಂದು ತಾಯಿಯ ತಾಯಿ ಅಲ್ಲಿಂದ ಬಂದಿದ್ದರು. ಹಿಂದಿನ ಸಂಜೆ ನಾವು ಹೋದಾಗ ಮನೆಯಲ್ಲಿ ಹೆಸರಿನ ಚರ್ಚೆ ಬಿಸಿಯೇರಿತ್ತು. ತಂದೆಗೆ ‘ಶಾಂತಲಾ’ ಎಂದಿಡಬೇಕೆಂಬ ಆಸೆ. ಅವರ ತಂದೆಯವರ ಟ್ರಂಕಿನಲ್ಲಿ ರಟ್ಟು ಕಿತ್ತುಹೋದ ಒಂದು ‘ಶಾಂತಲಾ’ ಕಾದಂಬರಿ ಇತ್ತು. ಅದನ್ನು ಓದಿಯೇ ತಾವು ಕನ್ನಡ ಓದಲು ಕಲಿತದ್ದೆಂದು ಅವರು ಹೇಳುತ್ತಿದ್ದರು. ಅಜ್ಜಿಗೆ ಮಾತ್ರ ಆ ಹೆಸರು ಸುತರಾಂ ಒಪ್ಪಿಗೆಯಿರಲಿಲ್ಲ.

“ಹೆಸರು ಚೆನ್ನಾಗಿಲ್ಲ ಅನ್ನೋಲ್ಲ ಅಳಿಯಂದಿರೇ. ಆದರೆ ಶಿವಗಂಗೆ ಬೆಟ್ಟ ನಮ್ಮ ಕಡೆಯದೇ. ಅಲ್ಲಿ ಅವಳು ಹಾರಿಕೊಂಡ ಜಾಗ ಇದು ಅಂತ ಈಗಲೂ ತೋರಿಸ್ತಾರೆ. ಮಕ್ಕಳಿಲ್ಲದ ಕೊರಗಿಗೆ ಪ್ರಾಣ ಕಳಕೊಂಡವಳ ಹೆಸರು ಚೊಚ್ಚಲ ಕೂಸಿಗೆ ಬೇಡಿ” ಎಂದು ಅವರು ಖಂಡಿತವಾಗಿ ಹೇಳಿದರು. ಕೂಸಿನ ತಾಯಿ ಎರಡೂ ಕಡೆಗೆ ಸೇರದೆ, “ಈಗ ಯಾರು ಅಷ್ಟು ಹಳೇ ಹೆಸರು ಇಡ್ತಾರೆ?” ಎಂದರು. ಕೊನೆಗೆ ಮೂವರೂ ನಮ್ಮತ್ತ ತಿರುಗಿದರು. ಸಾಹಿತ್ಯ ಓದಿದವರೆಂದು ನಮ್ಮ ಮೇಲೆ ಅವರಿಗೆ ಕೊಂಚ ಭರವಸೆ. ಆದರೆ ಆ ಹೊತ್ತಿಗೆ ಹೇಳಬಹುದಾದ ಉತ್ತರ ನಮ್ಮಲ್ಲಿರಲಿಲ್ಲ. ಮರುದಿನ ತಟ್ಟೆಯ ಅಕ್ಕಿಯ ಮೇಲೆ ಕುಲದೇವತೆಯ ಹೆಸರನ್ನು ಬರೆದು ಶಾಸ್ತ್ರ ಮುಗಿಸಿದರು. ನಗರಪಾಲಿಕೆಯ ಜನನಪತ್ರದಲ್ಲಿ ಹೆಸರಿನ ಸ್ಥಳ ಇನ್ನೂ ಖಾಲಿ ಇದೆ. ಆ ಸಂಜೆ ಕೊಡಲಾಗದ ಉತ್ತರವನ್ನು ಈಗ ನಿಧಾನವಾಗಿ ಬರೆಯುತ್ತಿದ್ದೇವೆ. ಇದು ಒಂದು ಮನೆಯ ಪ್ರಶ್ನೆಯಷ್ಟೇ ಅಲ್ಲವೆಂದು ತೋರಿದ್ದರಿಂದ ಸಂಘದ ವಾಚಕರ ಮುಂದಿಡುತ್ತಿದ್ದೇವೆ.

ನಮ್ಮ ಮನೆಗಳಲ್ಲಿ ಹೆಸರುಗಳು ಬರುವ ದಾರಿ ಸಾಮಾನ್ಯವಾಗಿ ಮೂರು. ಒಂದು ದೇವರ ಹೆಸರು, ಇನ್ನೊಂದು ಹಿರಿಯರ ಹೆಸರು, ಮೂರನೆಯದು ಆಯಾ ಕಾಲದ ಸಿನಿಮಾದ ಹೆಸರು. ಶಾಂತಲಾ ಎಂಬುದು ಈ ಮೂರು ದಾರಿಯಲ್ಲೂ ಬಂದದ್ದಲ್ಲ. ಈ ಹೆಸರಿನ ದೇವತೆಯನ್ನು ನಾವು ಪೂಜಿಸುವುದಿಲ್ಲ. ನಮ್ಮ ಮುತ್ತಜ್ಜಿಯರ ಹೆಸರು ಸುಬ್ಬಮ್ಮ, ಕಾವೇರಮ್ಮ, ಅಕ್ಕು, ದಾರು ಎಂದಿದ್ದೀತು. ಶಾಂತಲಾ ಎಂದಿರುವುದನ್ನು ನಾವಂತೂ ಕೇಳಿಲ್ಲ. ಈ ಹೆಸರನ್ನು ಇಂದಿನ ಕನ್ನಡಿಗರಿಗೆ ಕೊಟ್ಟದ್ದು ಒಂದು ಪುಸ್ತಕ. ಎಂಟು ಶತಮಾನ ಕಲ್ಲಿನ ಮೇಲೆ ಮಲಗಿದ್ದ ಹೆಸರನ್ನು ಕಾದಂಬರಿಕಾರರೊಬ್ಬರು ಎಬ್ಬಿಸಿ ತೊಟ್ಟಿಲಿಗೆ ತಂದರು.

ಮೊದಲು ಕಲ್ಲಿನ ಮಾತು. ಹೊಯ್ಸಳ ವಿಷ್ಣುವರ್ಧನನ ಪಟ್ಟದ ರಾಣಿ ಶಾಂತಲದೇವಿ. ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನ. ಆ ಕಾಲದ ಅರಮನೆಗಳ ಹೆಂಗಸರ ಹೆಸರುಗಳನ್ನು ಒಂದೆಡೆ ಇಟ್ಟು ನೋಡಿದರೆ ಒಂದು ಸ್ವಾರಸ್ಯ ಕಾಣುತ್ತದೆ. ವಿಷ್ಣುವರ್ಧನನ ತಾಯಿ ಏಚಲದೇವಿ. ಅವನ ಇನ್ನೊಬ್ಬ ರಾಣಿ ಬಮ್ಮಲದೇವಿ. ಅಣ್ಣ ಬಲ್ಲಾಳನ ರಾಣಿಯರಲ್ಲಿ ಒಬ್ಬಳು ಪದ್ಮಲದೇವಿ. ಚಾಲುಕ್ಯರ ಕಡೆ ಹೋದರೆ ಕೇತಲದೇವಿ, ಮೈಳಲದೇವಿ, ವಿಕ್ರಮಾದಿತ್ಯನ ರಾಣಿ ಚಂದಲದೇವಿ. ಕೇತ, ಏಚ, ಬಮ್ಮ ಎಂಬ ಬುಡಕ್ಕೆ ‘ಲ’ ಸೇರಿ ಹೆಣ್ಣಿನ ಹೆಸರಾಗುವುದು ಅಂದಿನ ಕನ್ನಡದ ರೂಢಿ. ಶಾಂತ ಎಂಬುದಕ್ಕೆ ಅದೇ ‘ಲ’ ಸೇರಿ ಶಾಂತಲ. ಅಂದರೆ ಇದು ಸಂಸ್ಕೃತದ ಬಟ್ಟೆ ಉಟ್ಟ ಕನ್ನಡದ ಹೆಸರು. ಕೊನೆಯಲ್ಲಿ ನಾವು ಈಗ ಎಳೆಯುವ ದೀರ್ಘ ಕೂಡ ಕಲ್ಲಿನ ಮೇಲಿನದಲ್ಲ. ಅದು ಇತ್ತೀಚಿನ ಅಲಂಕಾರ.

ಇಷ್ಟು ಹೆಸರುಗಳಿದ್ದೂ ತಿರುಗಿ ಬಂದದ್ದು ಇದೊಂದೇ ಎನ್ನಬಹುದು. ಮಗಳಿಗೆ ಏಚಲಾ ಎಂದಾಗಲಿ ಬಮ್ಮಲಾ ಎಂದಾಗಲಿ ಇಟ್ಟವರು ನಮಗೆ ಸಿಕ್ಕಿಲ್ಲ. ದಾನಚಿಂತಾಮಣಿ ಅತ್ತಿಮಬ್ಬೆಯ ಕೀರ್ತಿ ಕನ್ನಡ ಓದಿದವರಿಗೆಲ್ಲ ಗೊತ್ತು; ಆದರೂ ತೊಟ್ಟಿಲಿಗೆ ಅವಳ ಹೆಸರು ಬರಲಿಲ್ಲ. ಇದಕ್ಕೆ ಕಿವಿಯೇ ಮುಖ್ಯ ಕಾರಣವೆಂದು ನಮ್ಮ ಎಣಿಕೆ. ಸ್ವಾತಂತ್ರ್ಯ ಬಂದ ಆಸುಪಾಸಿನ ದಶಕಗಳಲ್ಲಿ ವಿಮಲಾ, ನಿರ್ಮಲಾ, ವತ್ಸಲಾ, ಕೋಮಲಾ, ಮಂಜುಳಾ, ಶಕುಂತಲಾ ಎಂಬ ಹೆಸರುಗಳಿಗೆ ಎಲ್ಲಿಲ್ಲದ ಬೇಡಿಕೆ. ಶಾಂತಲಾ ಆ ಸಾಲಿನಲ್ಲಿ ಸದ್ದಿಲ್ಲದೆ ಹೊಂದಿಕೊಂಡು ನಿಂತಿತು. ಹೊಸ ಹೆಸರು ಬೇಕೆನ್ನುವವರಿಗೆ ಅದು ಹೊಸತು, ಹಳೆಯದು ಬೇಕೆನ್ನುವವರಿಗೆ ಹೊಯ್ಸಳರಷ್ಟು ಹಳತು. ಕರ್ನಾಟಕದ ಏಕೀಕರಣಕ್ಕಾಗಿ ಹಂಬಲಿಸುತ್ತಿದ್ದ ಕಾಲ ಬೇರೆ. ಕನ್ನಡದ ಅರಸಿ, ಅದರಲ್ಲೂ ಬೇಲೂರಿನ ಅರಸಿ ಎಂದರೆ ಹೆಮ್ಮೆ ಉಕ್ಕುವುದು ಸಹಜ.

ಆದರೆ ಕಿವಿ ಒಪ್ಪಿದರೆ ಸಾಲದು, ಹೆಸರಿಗೆ ಕಥೆಯೂ ಬೇಕು. ಶ್ರವಣಬೆಳಗೊಳದ ಶಾಸನಗಳನ್ನು ಬಿ. ಎಲ್. ರೈಸ್ ಅವರು 1889ರಲ್ಲಿಯೇ ಸಂಪುಟವಾಗಿ ಪ್ರಕಟಿಸಿದ್ದರು. ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು ಪರಿಷ್ಕರಿಸಿ ಹಿಗ್ಗಿಸಿದರು. ವಿದ್ವಾಂಸರಿಗೆ ಶಾಂತಲದೇವಿ ಆಗಲೇ ಪರಿಚಿತೆ. ಹಾಗೆಂದು ಎಪಿಗ್ರಾಫಿಯಾ ಕರ್ನಾಟಿಕದ ಪುಟ ತಿರುವಿ ಮಗಳಿಗೆ ಹೆಸರು ಹುಡುಕುವ ತಾಯಿತಂದೆಯರು ಎಷ್ಟು ಮಂದಿ? ಆ ಕೆಲಸ ಮಾಡಿದವರು ಕೆ. ವಿ. ಅಯ್ಯರ್. ಅವರ ‘ಶಾಂತಲಾ’ ಬಂದದ್ದು ಐವತ್ತರ ದಶಕದ ಆರಂಭದಲ್ಲಿ. ಅಯ್ಯರ್ ಬೆಂಗಳೂರಿನ ಪ್ರಸಿದ್ಧ ವ್ಯಾಯಾಮಪಟು, ದೇಹದಾರ್ಢ್ಯದ ಗುರು, ಟಿ. ಪಿ. ಕೈಲಾಸಂ ಅವರ ಆಪ್ತ. ಮನುಷ್ಯದೇಹದ ಅಂದವನ್ನು, ಅದರ ಹದವನ್ನು ಜೀವನವಿಡೀ ಅಭ್ಯಾಸ ಮಾಡಿದವರು ನರ್ತಕಿಯಾದ ರಾಣಿಯೊಬ್ಬಳನ್ನು ಚಿತ್ರಿಸಲು ಹೊರಟದ್ದು ಆಕಸ್ಮಿಕವಲ್ಲ.

ಅವರ ಶಾಂತಲೆ ಚೆಲುವು, ನೃತ್ಯ, ತ್ಯಾಗ ಎಂಬ ಮೂರು ಎಳೆಗಳಿಂದ ನೇಯ್ದ ಪಾತ್ರ. ಓದುಗನ ಕಣ್ಣಿನಲ್ಲಿ ನೀರು ತರಿಸುವ ಶಕ್ತಿ ಆ ಕಾದಂಬರಿಗಿದೆ. ಅದನ್ನು ಅಲ್ಲಗಳೆಯುವ ವಿಮರ್ಶೆ ನಮ್ಮದಲ್ಲ. ಅದನ್ನು ಓದಿ ಮುಗಿಸಿದವರು ಬೇಲೂರಿಗೆ ಹೋದರೆ ಗುಡಿಯ ಮದನಿಕೆಯರಲ್ಲಿ ಶಾಂತಲೆಯನ್ನು ಹುಡುಕುತ್ತಾರೆ. ದರ್ಪಣಸುಂದರಿಯೇ ಅವಳೆಂದು ಮಾರ್ಗದರ್ಶಿಗಳು ತೋರಿಸುತ್ತಾರೆ. ಹಾಗೆಂದು ಆ ಶಿಲ್ಪದ ಮೇಲೆ ಬರೆದಿಲ್ಲ. ಬರೆದಿಲ್ಲವಾದರೂ ನಂಬುತ್ತೇವೆ. ಕಾದಂಬರಿಯೊಂದು ಕಲ್ಲಿನ ಬೊಂಬೆಗೂ ಹೆಸರು ಕೊಡಬಲ್ಲದೆಂದ ಮೇಲೆ ಕೂಸಿಗೆ ಕೊಟ್ಟದ್ದರಲ್ಲಿ ಆಶ್ಚರ್ಯವಿಲ್ಲ.

ಇಂಥದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಇಂಗ್ಲಿಷರಲ್ಲಿ ವೆನೆಸಾ ಎಂಬ ಹೆಸರು ಜೊನಾಥನ್ ಸ್ವಿಫ್ಟ್ ತನ್ನ ಗೆಳತಿಗಾಗಿ ಕಟ್ಟಿದ್ದು. 1726ರಲ್ಲಿ ಅಚ್ಚಾದ ಅವನ ಕವಿತೆಯ ಮೂಲಕ ಲೋಕಕ್ಕೆ ತಿಳಿಯಿತು. ವೆಂಡಿ ಎಂಬುದು ಹೆಣ್ಣುಮಕ್ಕಳ ಹೆಸರಾಗಿ ಮನೆಮಾತಾದದ್ದು 1904ರಲ್ಲಿ ರಂಗವೇರಿದ ಬ್ಯಾರಿಯ ‘ಪೀಟರ್ ಪ್ಯಾನ್’ ನಾಟಕದಿಂದ. ನಮ್ಮ ಕಥೆಗೆ ಇನ್ನೂ ಒಂದು ತಮಾಷೆ ಸೇರಿದೆ. ಬಾಣಭಟ್ಟನ ನಾಯಕಿ ಕಾದಂಬರಿ. ಆ ಹೆಣ್ಣಿನ ಹೆಸರೇ ಕನ್ನಡ, ಮರಾಠಿಗಳಲ್ಲಿ ಒಂದು ಸಾಹಿತ್ಯಪ್ರಕಾರದ ಹೆಸರಾಯಿತು. ಒಂದು ಹೆಣ್ಣಿನ ಹೆಸರನ್ನು ಹೀಗೆ ಸಾಲ ಪಡೆದ ಕಾದಂಬರಿ, ಶಾಂತಲಾ ಎಂಬ ಹೆಸರನ್ನು ಕೊಟ್ಟು ಸಾಲ ತೀರಿಸಿತೆನ್ನೋಣ.

ಇನ್ನು ಮುಂಬಯಿಯ ಮಾತಿಗೆ ಬರೋಣ. ಮೈಸೂರು ಅಸೋಸಿಯೇಷನ್ 1926ರಿಂದಲೂ, ಕರ್ನಾಟಕ ಸಂಘ 1933ರಿಂದಲೂ ಇಲ್ಲಿ ಕನ್ನಡದ ದೀಪ ಹಚ್ಚಿಟ್ಟಿವೆ. ಆದರೂ ಇಲ್ಲಿನ ಕನ್ನಡಿಗರಲ್ಲಿ ಬಹುಮಂದಿ ಕರಾವಳಿಯವರು. ಮನೆಯಲ್ಲಿ ತುಳು, ಕುಂದಾಪುರದ ಕನ್ನಡ ಅಥವಾ ಕೊಂಕಣಿ ಆಡುವವರು. ಉಳಿದಂತೆ ಧಾರವಾಡ, ಬಿಜಾಪುರ, ಬೆಳಗಾವಿಯ ಕಡೆಯವರು. ಹೊಯ್ಸಳ ರಾಣಿ ಇವರಲ್ಲಿ ಯಾರಿಗೂ ಊರಿನ ನೆನಪಲ್ಲ. ಈ ಹೆಸರು ಇಲ್ಲಿನ ಮನೆಗಳಿಗೆ ಬಂದಿದ್ದರೆ ಅದು ಓದಿನಿಂದ ಬಂದದ್ದು. ವಾಚನಾಲಯದಿಂದ ತಂದ ಪುಸ್ತಕ, ಊರಿನಿಂದ ಬರುವಾಗ ಟ್ರಂಕಿನಲ್ಲಿ ಉಪ್ಪಿನಕಾಯಿ ಭರಣಿಯ ಪಕ್ಕ ತುರುಕಿದ ಪುಸ್ತಕ. ಹಗಲು ದುಡಿದು ರಾತ್ರಿಶಾಲೆಯಲ್ಲಿ ಕನ್ನಡ ಕಲಿತವರು ಮಗಳಿಗೆ ಹೀಗೊಂದು ಹೆಸರಿಟ್ಟಾಗ ಅದರಲ್ಲಿ ಒಂದು ಘೋಷಣೆಯೂ ಇತ್ತು: ನಾವು ಹೊಟ್ಟೆಪಾಡಿಗೆ ಬಂದವರಾದರೂ ಓದಿದವರು.

ಆದರೆ ಈ ಊರಿನ ಕಿವಿ ಬೇರೆ. ನಮ್ಮ ಬಳಗದ ಒಬ್ಬ ಶಾಂತಲಾ ವಡಾಲದ ಚಾಳಿನಲ್ಲಿ ಬೆಳೆದವರು, ಈಗ ನಿವೃತ್ತರು. ಶಾಲೆಯಲ್ಲಿ ಅವರ ಹೆಸರು ಉದ್ದಕ್ಕೂ ‘ಶಾಂತಾ’ ಎಂದೇ ನಡೆಯಿತು. ಬಾಯಿ ರೂಢಿಯೆಂದು ಅವರು ಮೊದಲು ತಿಳಿದಿದ್ದರಂತೆ. ದೊಡ್ಡವರಾದ ಮೇಲೆ ಗುಟ್ಟು ಗೊತ್ತಾಯಿತು. ಮರಾಠಿಯಲ್ಲಿ ‘ಲಾ’ ಎಂಬುದು ವಿಭಕ್ತಿ ಪ್ರತ್ಯಯ. ‘ಶಾಂತಾಲಾ’ ಎಂದರೆ ಶಾಂತೆಗೆ ಅಥವಾ ಶಾಂತೆಯನ್ನು. ಹೆಸರೇನೆಂದು ಕೇಳಿದಾಗ ಹುಡುಗಿ “ಶಾಂತಲಾ” ಎಂದರೆ, ಕೇಳಿದವರು ಪ್ರತ್ಯಯ ಕಳಚಿ ‘ಶಾಂತಾ’ ಎಂದು ಬರೆದುಕೊಳ್ಳುತ್ತಿದ್ದರು. ವ್ಯಾಕರಣದ ದೃಷ್ಟಿಯಿಂದ ಅವರದೇನೂ ತಪ್ಪಿಲ್ಲ! ಹನ್ನೆರಡನೆಯ ಶತಮಾನದ ಕನ್ನಡದ ಪ್ರತ್ಯಯವನ್ನು ಇಪ್ಪತ್ತನೆಯ ಶತಮಾನದ ಮರಾಠಿಯ ಪ್ರತ್ಯಯ ನುಂಗಿತು. ತಿದ್ದಲು ಹೋದಾಗ ಇನ್ನೊಂದು ಕಡೆ ‘ಶಕುಂತಲಾ’ ಆಯಿತು. ಮತ್ತೊಂದು ಕಾಗದದಲ್ಲಿ ನಮ್ಮ ಊರಿನ ಪದ್ಧತಿಯಂತೆ ಇಂಗ್ಲಿಷಿನಲ್ಲಿ ‘ಟಿ’ಯ ಪಕ್ಕ ‘ಎಚ್’ ಸೇರಿಸಿ ಬರೆದದ್ದನ್ನು ಇಲ್ಲಿಯವರು ‘ಶಾಂಥಲಾ’ ಎಂದು ಓದಿದರು. ರೇಷನ್ ಕಾರ್ಡಿನಲ್ಲಿ ಒಂದು, ಶಾಲೆಯ ದಾಖಲೆಯಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಒಂದು. ಮೂರೂ ಒಬ್ಬಳೇ ಎಂದು ಪ್ರಮಾಣಪತ್ರ ಮಾಡಿಸಿಕೊಂಡು ಓಡಾಡಿದ್ದನ್ನು ಅವರು ನಗುತ್ತಲೇ ಹೇಳುತ್ತಾರೆ. ಅಷ್ಟೆಲ್ಲ ಆದ ಮೇಲೂ ಹೆಸರು ಬದಲಿಸಿಕೊಳ್ಳಬೇಕೆಂದು ಅವರಿಗೆ ಅನ್ನಿಸಲಿಲ್ಲವಂತೆ. “ಅಪ್ಪ ಓದಿ ಇಟ್ಟ ಹೆಸರು ನೋಡಿ” ಎಂದರು.

ಈ ತೊಡಕನ್ನೆಲ್ಲ ತಾಳಿಕೊಂಡೇವು. ಡೊಂಬಿವಲಿಯ ಅಜ್ಜಿಯ ಆಕ್ಷೇಪ ಅಷ್ಟು ಹಗುರವಾದದ್ದಲ್ಲ. ಹೆಸರಿನ ಜೊತೆಗೆ ಹಣೆಬರಹವೂ ಬರುತ್ತದೆಂಬ ಭಯ ಅದರ ಹಿಂದಿದೆ. ಅದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ. ಆದರೆ ನಾವೂ ಮಗಳಿಗೆ ಒಳ್ಳೆಯ ಹೆಸರನ್ನಿಡುವುದು ಅದರ ಒಳಿತು ಅವಳಿಗೆ ತಗಲಲಿ ಎಂಬ ಆಸೆಯಿಂದಲೇ ಅಲ್ಲವೆ? ಒಳಿತು ತಗಲುವುದೆಂದು ನಂಬುವವರು ಕೆಡುಕಿನ ಅಂಜಿಕೆಯನ್ನು ನಗುವಂತಿಲ್ಲ. ಆದ್ದರಿಂದ ಅಜ್ಜಿಗೆ ಉತ್ತರ ಹೇಳಬೇಕಾದರೆ ಬುದ್ಧಿವಾದ ಸಾಲದು. ಶಾಸನದ ಶಾಂತಲದೇವಿ ಯಾರೆಂದು ನೋಡಬೇಕು.

ಶಾಸನದ ಪ್ರಕಾರ ಆಕೆ 1131ರಲ್ಲಿ ಶಿವಗಂಗೆಯಲ್ಲಿ ಸ್ವರ್ಗಸ್ಥಳಾದಳು. ಮಗಳ ಅಗಲಿಕೆಯ ಬಳಿಕ ತಾಯಿ ಮಾಚಿಕಬ್ಬೆ ಶ್ರವಣಬೆಳಗೊಳದಲ್ಲಿ ಸಲ್ಲೇಖನ ವ್ರತ ಕೈಕೊಂಡು ಪ್ರಾಣಬಿಟ್ಟಳು. ಓದುವಾಗ ಮನಸ್ಸು ಕರಗುವುದು ಇಲ್ಲಿಯೇ. ಆದರೆ ರಾಣಿ ಬೆಟ್ಟದ ತುದಿಯಿಂದ ಹಾರಿದಳೆಂಬ ಮಾತು ಆ ಶಾಸನದಲ್ಲಿಲ್ಲ. ಸವತಿಯ ಮಗನಿಗೆ ಪಟ್ಟ ಬರಲೆಂದು ದಾರಿ ಬಿಟ್ಟಳೆಂಬ ಮಾತೂ ಇಲ್ಲ. ವಿಷ್ಣುವರ್ಧನನ ತರುವಾಯ ಸಿಂಹಾಸನವೇರಿದ ನರಸಿಂಹ ಇನ್ನೊಬ್ಬ ರಾಣಿ ಲಕ್ಷ್ಮಾದೇವಿಯ ಮಗನೆಂಬುದು ನಿಜ. ಆ ನಿಜದಿಂದ ಹಿಂದಕ್ಕೆ ಹೆಣೆದು ಹೋದ ಕಥೆ ಉಳಿದದ್ದು. ಬೆಟ್ಟದ ಮೇಲೆ ತೋರಿಸುವ ಜಾಗ ಜನರ ಕಲ್ಪನೆಯದು, ಕಾದಂಬರಿ ಅದಕ್ಕೆ ಕಣ್ಣೀರು ಕೊಟ್ಟಿತು.

ಬದುಕಿದ್ದಾಗ ಆಕೆ ಮಾಡಿದ್ದೇನು? ಬೇಲೂರಿನಲ್ಲಿ 1117ರಲ್ಲಿ ಅರಸ ಚೆನ್ನಕೇಶವನನ್ನು ಪ್ರತಿಷ್ಠಿಸಿದಾಗ ರಾಣಿ ಅದೇ ಆವರಣದಲ್ಲಿ ಚೆನ್ನಿಗರಾಯನನ್ನು ಪ್ರತಿಷ್ಠಿಸಿದಳು. ಅದನ್ನೇ ಈಗ ಕಪ್ಪೆ ಚೆನ್ನಿಗರಾಯನ ಗುಡಿ ಎನ್ನುತ್ತೇವೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ 1123ರಲ್ಲಿ ಶಾಂತಿನಾಥನ ಬಸದಿಯೊಂದನ್ನು ಕಟ್ಟಿಸಿ, ಅದು ನಡೆಯುವಂತೆ ಊರನ್ನು ದತ್ತಿ ಬಿಟ್ಟಳು. ಪ್ರಭಾಚಂದ್ರ ಸಿದ್ಧಾಂತದೇವರು ಆಕೆಯ ಗುರು. ಹಳೇಬೀಡಿನ ಜೋಡಿ ಗುಡಿಯಲ್ಲಿ ಒಂದು ಲಿಂಗ ಹೊಯ್ಸಳೇಶ್ವರ, ಇನ್ನೊಂದು ಆಕೆಯ ಹೆಸರಿನ ಶಾಂತಲೇಶ್ವರ. ಗೀತ, ವಾದ್ಯ, ನೃತ್ಯಗಳಲ್ಲಿ ನಿಪುಣೆಯೆಂದು ಶಾಸನ ಹೊಗಳುತ್ತದೆ. ಕರ್ನಾಟಕ ಸರಕಾರ ನೃತ್ಯಕ್ಕೆ ಕೊಡುವ ಪ್ರಶಸ್ತಿಗೆ ಆಕೆಯ ಹೆಸರಿಟ್ಟಿರುವುದು ಈ ಕಾರಣದಿಂದ ಉಚಿತವಾಗಿದೆ.

ಆ ಬಸದಿಯ ಹೆಸರನ್ನು ಗಮನಿಸಬೇಕು: ಸವತಿಗಂಧವಾರಣ ಬಸದಿ. ಅದು ರಾಣಿಯ ಬಿರುದು. ಸೊಕ್ಕಿದ ಸವತಿಯರ ಪಾಲಿಗೆ ಮದ್ದಾನೆ ಎಂದು ಅರ್ಥ! ಹೆಸರು ಶಾಂತಲೆ, ಬಿರುದು ಮದ್ದಾನೆ. ನಮ್ಮ ಮನೆಗಳಲ್ಲಿ ಈ ಹೆಸರಿಡುವಾಗ “ಶಾಂತ ಸ್ವಭಾವದವಳಾಗಲಿ” ಎಂದು ಹರಸುತ್ತೇವೆ. ಸಹನೆ, ತ್ಯಾಗ, ಮೌನ ಎಂಬ ಅರ್ಥಗಳನ್ನು ಅದಕ್ಕೆ ಕಟ್ಟಿದ್ದೇವೆ. ಕಲ್ಲಿನ ಮೇಲಿನ ಹೆಂಗಸು ಅಷ್ಟು ಸೌಮ್ಯಳಲ್ಲ. ತಾನು ಕಟ್ಟಿಸಿದ ದೇವಾಲಯದ ಮೇಲೆ ತನ್ನ ಬಿರುದನ್ನೇ ನಿಲ್ಲಿಸಿದವಳು ಮೂಲೆಯಲ್ಲಿ ಕೂತು ಅಳುವವಳಲ್ಲ.

ನ್ಯಾಯವಾಗಿ ನೋಡಬೇಕೆಂದರೆ ಶಾಸನವನ್ನೂ ಕಣ್ಣು ಮುಚ್ಚಿ ನಂಬಬಾರದು. ಅದು ಆಸ್ಥಾನದ ಕವಿ ಬರೆದ ಹೊಗಳಿಕೆ. ಅರಸಿಯರನ್ನೆಲ್ಲ ಲಕ್ಷ್ಮಿ, ಸರಸ್ವತಿಯರಿಗೆ ಹೋಲಿಸುವುದು ಅವನ ವೃತ್ತಿ. ಸವತಿಯರನ್ನು ಸದೆಬಡಿಯುವುದೇ ಒಂದು ಹೆಮ್ಮೆಯೆನ್ನುವ ಲೋಕ ನಮಗೆ ಈಗ ಒಪ್ಪಿಗೆಯೂ ಅಲ್ಲ. ಆದರೂ ಕವಿಯ ಮಾತನ್ನು ಕಳೆದ ಮೇಲೆ ಕಟ್ಟಡ ಉಳಿಯುತ್ತದೆ, ದತ್ತಿ ಉಳಿಯುತ್ತದೆ, ತಾರೀಖು ಉಳಿಯುತ್ತದೆ. ಅವು ಹೊಗಳಿಕೆಯಲ್ಲ, ಕೆಲಸ. ಕಾದಂಬರಿಯ ಮೂಲಕ ಹೆಸರು ನಮ್ಮ ಮನೆಗೆ ಬರುವಾಗ ಈ ಕೆಲಸದ ಹೆಂಗಸು ದಾರಿಯಲ್ಲೇ ಉಳಿದುಬಿಟ್ಟಳು. ಕಣ್ಣೀರಿನ ಹೆಂಗಸು ಮಾತ್ರ ಬಂದಳು. ಅಯ್ಯರ್ ಅವರ ಕಾದಂಬರಿಯ ಬಗ್ಗೆ ನಮ್ಮ ದೂರು ಇಷ್ಟೇ. ಇದೂ ಅವರೊಬ್ಬರ ತಪ್ಪಲ್ಲ. ಆ ಕಾಲದ ಓದುಗ ಹೆಣ್ಣಿನಲ್ಲಿ ಮೆಚ್ಚುತ್ತಿದ್ದುದು ತ್ಯಾಗವನ್ನು. ಕಾದಂಬರಿಕಾರ ಅದನ್ನು ಉಣಬಡಿಸಿದ.

ಈ ಕೊರತೆಯನ್ನು ಕಂಡವರೊಬ್ಬರು ಇದ್ದರು. ಸಿ. ಕೆ. ನಾಗರಾಜರಾಯರ ‘ಪಟ್ಟಮಹಾದೇವಿ ಶಾಂತಲದೇವಿ’ 1978ರಲ್ಲಿ ಹೊರಬಂತು. ಎರಡು ಸಾವಿರ ಪುಟ ಮೀರಿದ ಗ್ರಂಥ. ರಾಣಿ ಬಂಜೆ, ಆತ್ಮಹತ್ಯೆ ಮಾಡಿಕೊಂಡವಳು ಎಂಬ ಎರಡು ಮಾತುಗಳನ್ನೂ ಒಪ್ಪದೆ, ಶಾಸನಗಳನ್ನು ಮುಂದಿಟ್ಟುಕೊಂಡು ಅವರು ಬೇರೊಬ್ಬ ಶಾಂತಲೆಯನ್ನು ಕಟ್ಟಿದರು. ಹೆಸರನ್ನು ಕೂಡ ಶಾಸನದ ರೂಪದಲ್ಲೇ ಬರೆದರು. ಭಾರತೀಯ ಜ್ಞಾನಪೀಠದ ಮೂರ್ತಿದೇವಿ ಪ್ರಶಸ್ತಿ 1983ರಲ್ಲಿ ಮೊದಲ ಸಲ ಕೊಡಲ್ಪಟ್ಟಾಗ ಅದು ಸಂದದ್ದು ಈ ಕೃತಿಗೆ, ಹಿಂದಿಗೂ ಅನುವಾದವಾಯಿತು. ಗಾತ್ರದಿಂದ ಓದುಗ ದಣಿಯುತ್ತಾನೆ, ಪಾತ್ರಗಳು ಕೆಲವೆಡೆ ಉಪನ್ಯಾಸ ಮಾಡುತ್ತವೆ ಎಂಬುದನ್ನು ಒಪ್ಪುತ್ತೇವೆ. ಕಲೆಯ ದೃಷ್ಟಿಯಿಂದ ಅಯ್ಯರ್ ಅವರ ಪುಸ್ತಕಕ್ಕೆ ಬಿಗಿ ಹೆಚ್ಚು. ಆದರೆ ಹೆಣ್ಣೊಬ್ಬಳು ಮನೆ, ರಾಜ್ಯ, ಧರ್ಮಗಳ ನಡುವೆ ಬುದ್ಧಿಯಿಂದ ನಡೆದುಕೊಳ್ಳುವುದನ್ನು ತಾಳ್ಮೆಯಿಂದ ತೋರಿಸಿದ್ದು ಎರಡನೆಯದು. ಚಿಕ್ಕ ಪುಸ್ತಕ ಹೆಸರು ಕೊಟ್ಟಿತು, ದೊಡ್ಡ ಪುಸ್ತಕ ಅರ್ಥ ಕೊಟ್ಟಿತು. ಕೈಯಿಂದ ಕೈಗೆ ಓಡಾಡಿದ್ದು ಮೊದಲನೆಯದಾದ್ದರಿಂದ ಅಜ್ಜಿಗೆ ತಲುಪಿದ್ದು ಹಳೆಯ ಕಥೆ.

ನಮ್ಮಂಥ ವಲಸಿಗರಿಗೆ ಈ ರಾಣಿಯಲ್ಲಿ ಇನ್ನೂ ಒಂದು ಆಕರ್ಷಣೆ ಕಾಣುತ್ತದೆ. ತಂದೆ ಶೈವ, ತಾಯಿ ಜೈನ, ಗಂಡ ವೈಷ್ಣವನಾದನೆಂದು ಪ್ರತೀತಿ. ಆಕೆ ಮಾತ್ರ ಜೈನಳಾಗಿಯೇ ಉಳಿದು ಬಸದಿ ಕಟ್ಟಿಸಿದಳು, ವಿಷ್ಣುವನ್ನು ಪ್ರತಿಷ್ಠಿಸಿದಳು, ಶಿವನ ಗುಡಿಗೆ ಆಕೆಯ ಹೆಸರು ಬಂತು. ಮುಂಬಯಿಯ ಕನ್ನಡ ಮನೆಗಳನ್ನು ನೋಡಿ: ಅಪ್ಪನ ಕಡೆ ತುಳು, ಅಮ್ಮನ ಕಡೆ ಬಯಲುಸೀಮೆಯ ಕನ್ನಡ, ಸೊಸೆ ಮರಾಠಿಯವಳು, ಮೊಮ್ಮಕ್ಕಳ ಮಾತು ಹಿಂದಿ-ಇಂಗ್ಲಿಷು. ಗಣಪತಿಗೆ ಮೋದಕ, ಷಷ್ಠಿಗೆ ನಾಗರಿಗೆ ತಂಬಿಲ. ತನ್ನದನ್ನು ಬಿಡದೆ ಬಂದದ್ದನ್ನೆಲ್ಲ ಹೊಂದಿಸಿಕೊಳ್ಳುವ ಜಾಣ್ಮೆ ನಮ್ಮ ಹೆಣ್ಣುಮಕ್ಕಳಿಗೆ ನಿತ್ಯ ಬೇಕು. ಆ ಜಾಣ್ಮೆಗೆ ಒಂದು ಹೆಸರು ಬೇಕಾದರೆ ಇದಕ್ಕಿಂತ ಉಚಿತವಾದದ್ದು ನಮಗೆ ತೋಚುವುದಿಲ್ಲ.

ಈ ಹೆಸರು ಸಮುದ್ರ ದಾಟಿದ ಕಥೆಯನ್ನೂ ಹೇಳಬೇಕು. ಪ್ಯಾರಿಸಿನಲ್ಲಿ ಬೆಳೆದ ಕೂಚಿಪುಡಿ ನರ್ತಕಿ ಶಾಂತಲಾ ಶಿವಲಿಂಗಪ್ಪ ಅವರು ಪೀಟರ್ ಬ್ರೂಕ್, ಪೀನಾ ಬಾಉಷ್ ಅಂಥವರೊಂದಿಗೆ ರಂಗದಲ್ಲಿ ದುಡಿದು ಹೆಸರಾದವರು. ಆದರೆ ಅದಕ್ಕಿಂತ ಸೋಜಿಗದ್ದು ಇನ್ನೊಂದಿದೆ. ಫ್ರೆಡರಿಕ್ ಲೆಬೊಯೆ ಎಂಬ ಫ್ರೆಂಚ್ ಹೆರಿಗೆ ವೈದ್ಯರು ಕಲ್ಕತ್ತದಲ್ಲಿ ಒಬ್ಬ ತಾಯಿ ತನ್ನ ಎಳೆಗೂಸಿಗೆ ಎಣ್ಣೆ ತಿಕ್ಕುವುದನ್ನು ಕಂಡು ಬೆರಗಾದರು. ಆಕೆ ಬಡವಿ, ಹೆಸರು ಶಾಂತಲಾ. ಲೆಬೊಯೆ ಚಿತ್ರಗಳ ಸಮೇತ ಒಂದು ಪುಸ್ತಕ ಬರೆದು 1976ರಲ್ಲಿ ಪ್ರಕಟಿಸಿದರು. ಪುಸ್ತಕಕ್ಕೆ ಆ ತಾಯಿಯ ಹೆಸರನ್ನೇ ಇಟ್ಟರು. ಅಂದಿನಿಂದ ಫ್ರಾನ್ಸ್, ಬ್ರೆಜಿಲ್‌ಗಳಲ್ಲಿ ಕೂಸಿಗೆ ಎಣ್ಣೆ ತಿಕ್ಕುವ ಕ್ರಮಕ್ಕೇ ‘ಶಾಂತಲಾ’ ಎಂದು ಹೆಸರು ನಿಂತಿತು. ಅಲ್ಲಿಯ ದಾದಿಯರು ಅದನ್ನು ಕಲಿಸುತ್ತಾರೆ. ಅಲ್ಲಿಯ ತಾಯಂದಿರಿಗೆ ಹೊಯ್ಸಳರೂ ಗೊತ್ತಿಲ್ಲ, ಶಿವಗಂಗೆಯೂ ಗೊತ್ತಿಲ್ಲ. ಅವರ ಪಾಲಿಗೆ ಶಾಂತಲಾ ಎಂದರೆ ಕಾಲು ನೀಡಿ ಕೂತು ಕೂಸನ್ನು ಮಲಗಿಸಿಕೊಂಡ ತಾಯಿಯ ಬೆಚ್ಚಗಿನ ಕೈ.

ಒಂದು ಹೆಸರಿನ ಅರ್ಥ ಎಲ್ಲಿಂದ ಎಲ್ಲಿಗೆ ಹೋಯಿತು ನೋಡಿ. ನಾವು ಮಕ್ಕಳಿಲ್ಲದವಳ ಹೆಸರೆಂದು ಅಂಜುತ್ತಿದ್ದೇವೆ. ಭೂಮಿಯ ಆಚೆ ಬದಿಯಲ್ಲಿ ಅದು ತಾಯ್ತನದ ಹೆಸರಾಗಿದೆ. ಹಣೆಬರಹ ಹೆಸರಿಗೆ ಅಂಟಿಕೊಂಡಿದ್ದರೆ ಹೀಗಾಗುತ್ತಿರಲಿಲ್ಲ. ಹೆಸರು ಹೊತ್ತವರು ಅದಕ್ಕೆ ಅರ್ಥ ಕೊಡುತ್ತಾ ಹೋಗುತ್ತಾರೆ. ರಾಣಿ ಒಂದು ಅರ್ಥ ಕೊಟ್ಟಳು, ಕಾದಂಬರಿಕಾರರು ಒಂದೊಂದು ಕೊಟ್ಟರು, ವಡಾಲದ ನಮ್ಮ ಶಾಂತಲಾ ಮೂರು ಕಾಗದಗಳಲ್ಲಿ ಮೂರು ಬಗೆಯಾಗಿಯೂ ಬಿಟ್ಟುಕೊಡದೆ ಒಂದು ಕೊಟ್ಟರು, ಕಲ್ಕತ್ತದ ಆ ಬಡತಾಯಿ ತನಗೆ ತಿಳಿಯದೆಯೇ ಒಂದು ಕೊಟ್ಟಳು.

ಈಗ ಈ ಹೆಸರು ನಮ್ಮ ಮಕ್ಕಳಲ್ಲಿ ಅಪರೂಪ. ಸಂಘದ ಮಕ್ಕಳ ಕಾರ್ಯಕ್ರಮದ ಪಟ್ಟಿ ನೋಡಿದರೆ ಎರಡಕ್ಷರದ, ಯಾವ ಭಾಷೆಯದೆಂದು ಹೇಳಲಾಗದ ಹೆಸರುಗಳೇ ಹೆಚ್ಚು. ಎಲ್ಲಿ ಹೋದರೂ ಸಲೀಸಾಗಿ ನಡೆಯಲಿ ಎಂಬುದು ತಾಯಿತಂದೆಯರ ಎಣಿಕೆ. ಅದರಲ್ಲಿ ತಪ್ಪು ಹುಡುಕುವುದು ನಮ್ಮ ಉದ್ದೇಶವಲ್ಲ. ಎಲ್ಲೆಡೆಯೂ ನಡೆಯುವ ಹೆಸರಿಗೆ ‘ಇದು ಎಲ್ಲಿಂದ ಬಂತು?’ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಹೇಳಲು ಒಂದು ಬೇಲೂರು, ಒಂದು ಪುಸ್ತಕ, ಒಬ್ಬ ಅಜ್ಜ ಇರಬೇಕು ಎನ್ನಿಸುವವರಿಗೆ ಮಾತ್ರ ಈ ಬರಹ.

ಡೊಂಬಿವಲಿಗೆ ಮೊನ್ನೆ ಮತ್ತೆ ಹೋಗಿದ್ದೆವು. ಅಜ್ಜಿ ಬಚ್ಚಲಿನ ಬಾಗಿಲಲ್ಲಿ ಮಣೆಯ ಮೇಲೆ ಕೂತು, ಕಾಲು ನೀಡಿ, ಮೊಣಕಾಲ ಮೇಲೆ ಕೂಸನ್ನು ಬೋರಲು ಹಾಕಿಕೊಂಡು ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದರು. ಕೂಸು ಕಣ್ಣು ಮುಚ್ಚಿ ಸುಖವಾಗಿ ಮುಲುಗುತ್ತಿತ್ತು. ಪ್ಯಾರಿಸಿನ ವೈದ್ಯರ ಕಥೆಯನ್ನು ಅವರಿಗೆ ಹೇಳಿದೆವು. ಅವರು ಕೈ ನಿಲ್ಲಿಸದೆ ಕೇಳಿದರು. “ಇದಕ್ಕೂ ಒಂದು 			ಹೆಸರು ಬೇಕೆ!” ಎಂದು ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, “ಬಸದಿ ಕಟ್ಟಿಸಿದ್ದು ನಿಜವೇನು?” ಎಂದು ಕೇಳಿದರು. ನಿಜವೆಂದೆವು. “ಹಾಗಾದರೆ ಯೋಚನೆ ಮಾಡೋಣ” ಎಂದು ಕೂಸನ್ನು ಹೊರಳಿಸಿಕೊಂಡರು.

ಜನನಪತ್ರದ ಆ ಸ್ಥಳದಲ್ಲಿ ಏನು ಬರೆಯಬೇಕೆಂಬುದು ಆ ಮನೆಯವರಿಗೆ ಸೇರಿದ್ದು. ಶಾಂತಲಾ ಎಂದೇ ಬರೆಯುವುದಾದರೆ ನಮ್ಮದೊಂದು ವಿನಂತಿ. ಹುಡುಗಿ ಓದುವ ವಯಸ್ಸಿಗೆ ಬಂದಾಗ ಟ್ರಂಕಿನ ಆ ಕಾದಂಬರಿಯನ್ನು ಅವಳ ಕೈಗೆ ಕೊಡಿ. ಅದನ್ನು ಮುಗಿಸಿದ ಮೇಲೆ ಒಂದು ರಜೆಯಲ್ಲಿ ಅವಳನ್ನು ಶ್ರವಣಬೆಳಗೊಳದ ಚಿಕ್ಕಬೆಟ್ಟ ಹತ್ತಿಸಿ, ಸವತಿಗಂಧವಾರಣ ಬಸದಿಯ ಮುಂದೆ ನಿಲ್ಲಿಸಿ.